ಸಂಧಾನಕಾರರಿಗೆ ಶಾಂತಿ ನೊಬೆಲ್ ಬಂದರೆ ಜನ ಯಾಕೆ ಎರಡಾಗುತ್ತಾರೆ?

ಅಕ್ಟೋಬರ್ ಬಂತೆಂದರೆ ಚಿಕ್ಕಮಗಳೂರಿನ ತೋಟಗಳಲ್ಲಿ ಅರೇಬಿಕಾ ಬಣ್ಣ ತಿರುಗಲು ಶುರುವಾಗುತ್ತದೆ. ಅದೇ ಹೊತ್ತಿಗೆ ಒಂದು ಶುಕ್ರವಾರ, ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಎರಡೂವರೆಗೆ, ಓಸ್ಲೋದಲ್ಲಿ ಶಾಂತಿ ನೊಬೆಲ್ ಹೆಸರು ಹೊರಬೀಳುತ್ತದೆ. ಸಂಜೆ ಕಾಫಿ ಕುಡಿಯುವಷ್ಟರಲ್ಲಿ ವಾಟ್ಸಾಪ್ ಗ್ರೂಪುಗಳಲ್ಲಿ ವಾದ ಬಿಸಿಯಾಗಿರುತ್ತದೆ. ಭೌತವಿಜ್ಞಾನದ ನೊಬೆಲ್ ಯಾರಿಗೆ ಬಂದರೂ ಯಾರೂ ಜಗಳ ಆಡುವುದಿಲ್ಲ. ಅರ್ಥವಾಗದಿದ್ದರೂ ಒಂದು ಚಪ್ಪಾಳೆಯ ಚಿತ್ರ ಹಾಕಿ ಸುಮ್ಮನಾಗುತ್ತಾರೆ. ಶಾಂತಿಯದ್ದು ಹಾಗಲ್ಲ. ಅದರಲ್ಲೂ ರಾಜತಾಂತ್ರಿಕರಿಗೆ, ಅಂದರೆ ಕಾದಾಡುವವರ ನಡುವೆ ಮಾತುಕತೆ ನಡೆಸುವುದನ್ನೇ ಕೆಲಸ ಮಾಡಿಕೊಂಡವರಿಗೆ ಬಂದರೆ, ಬೈಗುಳ ಇನ್ನೂ ಜಾಸ್ತಿ.

"ಗಾಂಧಿಗೇ ಕೊಡದವರು ಇನ್ಯಾರಿಗೆ ಕೊಟ್ಟರೇನು" ಎಂಬ ಮಾತು ಮೊದಲು ಬರುತ್ತದೆ. ಅದನ್ನು ಮೊದಲೇ ಮುಗಿಸಿಬಿಡೋಣ. ಮಾತು ನಿಜ. 1937, 1938, 1939, 1947 ಮತ್ತು 1948ರಲ್ಲಿ ಗಾಂಧೀಜಿ ಹೆಸರನ್ನು ಸೂಚಿಸಲಾಗಿತ್ತು. ಕೊನೆಯ ಸಲ ಹೆಸರು ಕಳಿಸುವ ಗಡುವಿಗೆ ಇನ್ನೇನು ಬಂತು ಎನ್ನುವಾಗ ಅವರ ಕೊಲೆಯಾಯಿತು. ಆ ವರ್ಷ ಯೋಗ್ಯರಾದ, ಬದುಕಿರುವ ಅಭ್ಯರ್ಥಿ ಇಲ್ಲ ಎಂದು ಸಮಿತಿ ಬಹುಮಾನವನ್ನೇ ಕೊಡಲಿಲ್ಲ. ಅದು ಸಮಿತಿಯ ದೊಡ್ಡ ಲೋಪ. ಆದರೆ ಈ ಒಂದೇ ಮಾತಿನಿಂದ ಪ್ರತಿ ವರ್ಷದ ಜಗಳ ಅರ್ಥವಾಗುವುದಿಲ್ಲ.

ಅರ್ಥ ಮಾಡಿಕೊಳ್ಳಲು 2008ರ ಅಕ್ಟೋಬರ್ 10 ಒಳ್ಳೆಯ ಉದಾಹರಣೆ. ಅಂದು ಬಹುಮಾನ ಬಂದದ್ದು ಫಿನ್ಲೆಂಡಿನ ಮಾರ್ಟಿ ಅಹ್ತಿಸಾರಿ ಅವರಿಗೆ. ನಮ್ಮ ಕಡೆ ಹೆಸರು ಕೇಳಿದವರೇ ಕಡಿಮೆ. ಮನುಷ್ಯನ ಕಥೆ ಮಾತ್ರ ಸ್ವಾರಸ್ಯವಾಗಿದೆ. ಹುಟ್ಟಿದ್ದು 1937ರಲ್ಲಿ, ವೀಪುರಿ ಎಂಬ ಊರಿನಲ್ಲಿ. ಸೋವಿಯತ್ ಜೊತೆಗಿನ ಯುದ್ಧದಲ್ಲಿ ಆ ಊರೇ ಫಿನ್ಲೆಂಡಿನ ಕೈತಪ್ಪಿತು, ಈಗ ಅದು ರಷ್ಯಾದಲ್ಲಿದೆ. ಮನೆ ಬಿಟ್ಟು ಓಡಿದ ಕುಟುಂಬದ ಮಗು. ಕಲಿತದ್ದು ಪ್ರಾಥಮಿಕ ಶಾಲೆಯ ಮೇಷ್ಟ್ರ ಕೆಲಸ. 1960ರ ದಶಕದ ಆರಂಭದಲ್ಲಿ ಕರಾಚಿಗೆ ಬಂದು ಅಲ್ಲಿ ವೈಎಂಸಿಎ ಜೊತೆ ಕೆಲಸ ಮಾಡಿದರು. 1965ರಲ್ಲಿ ವಿದೇಶಾಂಗ ಇಲಾಖೆ ಸೇರಿದರು. ಮುಂದೆ ಟಾಂಜಾನಿಯಾಕ್ಕೆ ರಾಯಭಾರಿ, ವಿಶ್ವಸಂಸ್ಥೆಯ ಅಧಿಕಾರಿ, 1994ರಿಂದ 2000ದವರೆಗೆ ತಮ್ಮ ದೇಶಕ್ಕೆ ಅಧ್ಯಕ್ಷ. ಅಧ್ಯಕ್ಷ ಪದವಿ ಮುಗಿದ ಮೇಲೂ ಮನೆಯಲ್ಲಿ ಕೂರಲಿಲ್ಲ, ಸಂಧಾನಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 2023ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಸಮಿತಿ ಅವರ ಮೂವತ್ತು ವರ್ಷಕ್ಕೂ ಹೆಚ್ಚಿನ ಕೆಲಸವನ್ನು ಹೊಗಳಿತು. ಅದರಲ್ಲಿ ಮುಖ್ಯವಾದವು ಮೂರು ಜಾಗಗಳು: ನಮೀಬಿಯಾ, ಆಚೆ (Aceh ಎಂಬ ನಾಡು), ಕೊಸೊವೊ. ಒಂದೊಂದು ಜಾಗದಲ್ಲೂ ಅವರನ್ನು ನೋಡುವ ಕಣ್ಣು ಬೇರೆ. ಜಗಳದ ಬೇರು ಇರುವುದೇ ಇಲ್ಲಿ.

ಆಚೆಯಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದು ನಮ್ಮ ಹಾಗೇ ಕಾಫಿ ಬೆಳೆಯುವ ನಾಡು. ಸುಮಾತ್ರಾ ದ್ವೀಪದ ಉತ್ತರದ ತುದಿ, ಇಂಡೊನೇಷ್ಯಾದ ಒಂದು ಪ್ರಾಂತ್ಯ. ಅಲ್ಲಿನ ಗಾಯೊ ಬೆಟ್ಟಗಳ ಅರೇಬಿಕಾಕ್ಕೆ ಜಗತ್ತಿನಲ್ಲಿ ಒಳ್ಳೆಯ ಹೆಸರಿದೆ. (ಇಂಡೊನೇಷ್ಯಾಕ್ಕೆ ಕಾಫಿ ಗಿಡ ಹೋದದ್ದೇ ನಮ್ಮ ಮಲಬಾರ್ ಕರಾವಳಿಯಿಂದ, 17ನೇ ಶತಮಾನದ ಕೊನೆಯಲ್ಲಿ, ಡಚ್ಚರ ಹಡಗಿನಲ್ಲಿ. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.) ಆಚೆಯಲ್ಲಿ 1976ರಿಂದ ಸ್ವತಂತ್ರ ದೇಶಕ್ಕಾಗಿ ಬಂಡಾಯ ನಡೆಯುತ್ತಿತ್ತು. ಸುಮಾರು 15,000 ಜನ ಸತ್ತಿದ್ದರು. 2004ರ ಡಿಸೆಂಬರ್ 26ರ ಸುನಾಮಿ ಅತಿ ಹೆಚ್ಚು ಹೊಡೆದದ್ದೂ ಇದೇ ಆಚೆಯನ್ನು, ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಹೋದರು. ಸುಮಾರು ಒಂದು ತಿಂಗಳಿಗೆ ಎರಡೂ ಕಡೆಯವರು ಹೆಲ್ಸಿಂಕಿಯಲ್ಲಿ ಅಹ್ತಿಸಾರಿ ಎದುರು ಕುಳಿತರು.

ಅಲ್ಲಿ ಅವರು ಇಟ್ಟ ಷರತ್ತು ಒಂದೇ: ಎಲ್ಲದಕ್ಕೂ ಒಪ್ಪಿಗೆ ಆಗುವವರೆಗೆ ಯಾವುದಕ್ಕೂ ಒಪ್ಪಿಗೆ ಆಗಿಲ್ಲ. ಮೊದಲು ಕದನ ವಿರಾಮ, ಆಮೇಲೆ ಉಳಿದದ್ದು ಎಂಬ ದಾರಿಯಲ್ಲಿ ಹಿಂದೆ ಎರಡು ಸಲ ಒಪ್ಪಂದ ಮುರಿದುಬಿದ್ದಿತ್ತು. ಸ್ವಾತಂತ್ರ್ಯದ ಮಾತು ಈ ಮೇಜಿನ ಮೇಲೆ ಇಲ್ಲ ಎಂದು ಬಂಡಾಯಗಾರರಿಗೆ ಖಡಾಖಂಡಿತ ಹೇಳಿದರು. ಬದಲಿಗೆ ಸಿಕ್ಕಿದ್ದೇನು? ಸ್ಥಳೀಯ ಪಕ್ಷ ಕಟ್ಟುವ ಹಕ್ಕು, ಆಚೆಯ ನೆಲದಿಂದ ಬರುವ ತೈಲ, ಅನಿಲದಂಥ ಸಂಪತ್ತಿನ ಆದಾಯದಲ್ಲಿ ಶೇ 70 ಪಾಲು, ಬಂಡಾಯಗಾರರಿಗೆ ಕ್ಷಮಾದಾನ. ಅವರು 840 ಆಯುಧ ಒಪ್ಪಿಸಬೇಕು, ಸರ್ಕಾರ ಹೊರಗಿನಿಂದ ತಂದ ಸೇನೆಯನ್ನು ವಾಪಸ್ ಕರೆಸಿಕೊಳ್ಳಬೇಕು. ಐದು ಸುತ್ತು ಮಾತುಕತೆ. 2005ರ ಆಗಸ್ಟ್ 15ರಂದು ಸಹಿ. ಮರುವರ್ಷದ ಚುನಾವಣೆಯಲ್ಲಿ ಬಂಡಾಯದಲ್ಲಿದ್ದವರೇ ಒಬ್ಬರು ಆಚೆಯ ಗವರ್ನರ್ ಆಗಿ ಗೆದ್ದರು.

ಇದು ದೊಡ್ಡ ಗೆಲುವು, ಅನುಮಾನವಿಲ್ಲ. ಆದರೂ ಅಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಪ್ರಶ್ನೆ ಬೇರೆ. ಕೊಂದವರಿಗೆ ಶಿಕ್ಷೆ ಏನಾಯಿತು? ಸತ್ಯ ಶೋಧನಾ ಆಯೋಗ ಮಾಡುತ್ತೇವೆ ಎಂದು ಒಪ್ಪಂದದಲ್ಲೇ ಬರೆದಿತ್ತು. ಆಚೆಯಲ್ಲಿ ಅದು ಕೆಲಸ ಶುರು ಮಾಡಿದ್ದು 2016ರಲ್ಲಿ. ಹನ್ನೊಂದು ವರ್ಷ ಬೇಕಾಯಿತು.

ಹಾಸನದ ಹಳ್ಳಿಗಳಲ್ಲಿ ಬದುವಿನ ಜಗಳದ ಪಂಚಾಯ್ತಿ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಪಂಚಾಯ್ತಿ ಮಾಡಲು ಕೂತ ಹಿರಿಯರು ಮೊದಲು ಯಾರು ಯಾರನ್ನು ಹೊಡೆದರು ಎಂದು ಕೇಳುತ್ತಾ ಹೋದರೆ ರಾತ್ರಿಯಾದರೂ ಮುಗಿಯುವುದಿಲ್ಲ. ಕಲ್ಲು ಎಲ್ಲಿ ನೆಡೋಣ, ಅದನ್ನು ಹೇಳಿ ಅನ್ನುತ್ತಾರೆ. ಕಲ್ಲು ನೆಟ್ಟ ಮೇಲೆ ಇತ್ತಂಡದವರೂ ಒಳಗೊಳಗೇ ಗೊಣಗುತ್ತಾರೆ, "ಗೌಡ್ರು ಆ ಕಡೆ ವಾಲಿದ್ರು" ಅಂತ. ಆ ಗೌಡರಿಗೆ ನಾಳೆ ತಾಲ್ಲೂಕು ಕಚೇರಿಯಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿದರೆ? ಪಕ್ಕದೂರಿನವರು ಒಳ್ಳೆ ಕೆಲಸ ಅನ್ನುತ್ತಾರೆ, ಜಮೀನು ಬಿಟ್ಟುಕೊಟ್ಟವನು ಹಲ್ಲು ಕಡಿಯುತ್ತಾನೆ. ಇಬ್ಬರೂ ನೋಡಿದ್ದು ಅದೇ ಕಲ್ಲನ್ನು.

ಸರ್ಬಿಯಾದ ಒಂದು ಪ್ರಾಂತ್ಯವಾಗಿದ್ದ ಕೊಸೊವೊದಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. 1999ರಲ್ಲಿ ಅಮೆರಿಕ ಮತ್ತು ಅದರ ಮಿತ್ರರ ಸೇನಾ ಒಕ್ಕೂಟ ನೇಟೊದ ಪಡೆಗಳು ಸರ್ಬಿಯಾ ಇದ್ದ ಯುಗೊಸ್ಲಾವಿಯಾದ ಮೇಲೆ 78 ದಿನ ಬಾಂಬ್ ಹಾಕಿದವು. ಆಗ ರಷ್ಯಾದ ಚೆರ್ನೊಮಿರ್ದಿನ್ ಜೊತೆ ಬೆಲ್‌ಗ್ರೇಡಿಗೆ ಹೋಗಿ, ಯುಗೊಸ್ಲಾವಿಯಾದ ಅಧ್ಯಕ್ಷ ಮಿಲೊಸೆವಿಚ್ ಕೈಯಲ್ಲಿ ಷರತ್ತು ಒಪ್ಪಿಸಿ, ಬಾಂಬ್ ದಾಳಿ ನಿಲ್ಲುವ ಹಾಗೆ ಮಾಡಿದವರು ಅಹ್ತಿಸಾರಿ. ಆಮೇಲೆ 2005ರಲ್ಲಿ ವಿಶ್ವಸಂಸ್ಥೆ ಅವರನ್ನೇ ಕೊಸೊವೊದ ಭವಿಷ್ಯ ತೀರ್ಮಾನಿಸುವ ಮಾತುಕತೆಗೆ ಕಳಿಸಿತು. ಎರಡೂ ಕಡೆ ಒಮ್ಮತಕ್ಕೆ ಬರಲಿಲ್ಲ. 2007ರಲ್ಲಿ ಅವರು ತಮ್ಮದೇ ಶಿಫಾರಸು ಕೊಟ್ಟರು: ಅಂತಾರಾಷ್ಟ್ರೀಯ ಮೇಲುಸ್ತುವಾರಿಯಲ್ಲಿ ಕೊಸೊವೊ ಸ್ವತಂತ್ರವಾಗಲಿ. ಸರ್ಬಿಯಾ ಒಪ್ಪಲಿಲ್ಲ, ರಷ್ಯಾ ವಿರೋಧಿಸಿತು, ಭದ್ರತಾ ಮಂಡಳಿಯಲ್ಲಿ ಅದು ಪಾಸಾಗಲಿಲ್ಲ. 2008ರ ಫೆಬ್ರವರಿ 17ರಂದು ಕೊಸೊವೊ ತಾನೇ ಸ್ವಾತಂತ್ರ್ಯ ಘೋಷಿಸಿಕೊಂಡಿತು.

ಈಗ ಬಹುಮಾನದ ತಾರೀಖು ನೋಡಿ. ಅಕ್ಟೋಬರ್ 10. ಅದಕ್ಕೆ ಎರಡೇ ದಿನ ಮೊದಲು, ಅಕ್ಟೋಬರ್ 8ರಂದು, ಸರ್ಬಿಯಾದ ಕೋರಿಕೆಯ ಮೇರೆಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಈ ಘೋಷಣೆ ಕಾನೂನುಬದ್ಧವೇ ಎಂದು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯವನ್ನು ಕೇಳಲು ತೀರ್ಮಾನಿಸಿತ್ತು. ಕೇಸು ಕೋರ್ಟಿಗೆ ಹೋಗಿದೆ, ತೀರ್ಪು ಬಂದಿಲ್ಲ, ಅಷ್ಟರಲ್ಲಿ ಪಂಚಾಯ್ತಿ ಮಾಡಿದವರಿಗೆ ಸನ್ಮಾನ! ಕೊಸೊವೊದ ರಾಜಧಾನಿ ಪ್ರಿಸ್ಟಿನಾದಲ್ಲಿ ಸಂಭ್ರಮ, ಬೆಲ್‌ಗ್ರೇಡಿನಲ್ಲಿ ಸಿಟ್ಟು, ಮಾಸ್ಕೋದಲ್ಲಿ ಅಸಮಾಧಾನ. ಇದರಲ್ಲಿ ಆಶ್ಚರ್ಯವೇನಿದೆ? ಘೋಷಣೆಯಿಂದ ಅಂತಾರಾಷ್ಟ್ರೀಯ ಕಾನೂನು ಮುರಿದಿಲ್ಲ ಎಂದು ನ್ಯಾಯಾಲಯ ಹೇಳಿದ್ದು 2010ರ ಜುಲೈಯಲ್ಲಿ. ಭಾರತವಂತೂ ಕೊಸೊವೊವನ್ನು ಪ್ರತ್ಯೇಕ ದೇಶವೆಂದು ಮಾನ್ಯ ಮಾಡಿಲ್ಲ. ಒಂದು ದೇಶದ ಒಪ್ಪಿಗೆ ಇಲ್ಲದೆ ಅದರ ಭಾಗವೊಂದು ಹೊರಗೆ ಹೋಗುವ ಮಾದರಿ ನಮಗೆ ಹಿಡಿಸುವುದು ಕಷ್ಟ, ಅಲ್ವಾ? ಹಾಗಾಗಿ ಅಹ್ತಿಸಾರಿ ಬಗ್ಗೆ ಒಬ್ಬ ಭಾರತೀಯ ಹುಬ್ಬು ಗಂಟಿಕ್ಕಿದರೆ ಅದಕ್ಕೂ ಕಾರಣವಿದೆ.

ನಮೀಬಿಯಾದ ಕಥೆಯಲ್ಲಿ ನಮ್ಮವರೊಬ್ಬರು ಇದ್ದಾರೆ. ದಕ್ಷಿಣ ಆಫ್ರಿಕಾ ಹಿಡಿದಿಟ್ಟುಕೊಂಡಿದ್ದ ಈ ದೇಶವನ್ನು ಚುನಾವಣೆ ಮೂಲಕ ಸ್ವತಂತ್ರಗೊಳಿಸಲು ವಿಶ್ವಸಂಸ್ಥೆ 1989ರಲ್ಲಿ ಕಳಿಸಿದ ತಂಡಕ್ಕೆ ಅಹ್ತಿಸಾರಿ ಮುಖ್ಯಸ್ಥರು, ಅದರ ಸೇನೆಯ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ದಿವಾನ್ ಪ್ರೇಮ್ ಚಂದ್. ಕೆಲಸ ಶುರುವಾಗಬೇಕಿದ್ದ ಏಪ್ರಿಲ್ 1ರಂದೇ ಗಂಡಾಂತರ. ನಮೀಬಿಯಾದ ಸ್ವಾತಂತ್ರ್ಯಕ್ಕೆ ಕಾದಾಡುತ್ತಿದ್ದ ಸ್ವಾಪೊ ಸಂಘಟನೆಯ ಹೋರಾಟಗಾರರು ಅಂಗೋಲಾದಿಂದ ಗಡಿ ದಾಟಿ ಬಂದರು. ವಿಶ್ವಸಂಸ್ಥೆಯ ಸೈನಿಕರು ಇನ್ನೂ ಪೂರ್ತಿ ಬಂದೇ ಇರಲಿಲ್ಲ. ಬ್ಯಾರಕ್ಕಿನೊಳಗೆ ಇರಬೇಕಿದ್ದ ದಕ್ಷಿಣ ಆಫ್ರಿಕಾದ ಪಡೆಗಳು ಹೊರಬರಲು ಅಹ್ತಿಸಾರಿ ಒಪ್ಪಿದರು. ಮುನ್ನೂರಕ್ಕೂ ಹೆಚ್ಚು ಹೋರಾಟಗಾರರು ಸತ್ತರು. ಒಪ್ಪದಿದ್ದರೆ ದಕ್ಷಿಣ ಆಫ್ರಿಕಾ ಇಡೀ ಒಪ್ಪಂದವನ್ನೇ ಹರಿದು ಹಾಕುತ್ತಿತ್ತು ಎಂಬುದು ಅವರ ಪರ ವಾದ. ವರ್ಣಭೇದದ ಸೇನೆಗೆ ಗುಂಡು ಹೊಡೆಯಲು ವಿಶ್ವಸಂಸ್ಥೆಯೇ ಬಾಗಿಲು ತೆಗೆಯಿತು ಎಂಬುದು ಎದುರು ವಾದ. ನನಗೆ ಎರಡರಲ್ಲೂ ಸತ್ಯ ಕಾಣುತ್ತದೆ, ಎರಡನೆಯದು ಹೆಚ್ಚು ನೋಯಿಸುತ್ತದೆ. ಕೊನೆಗೆ ನವೆಂಬರ್‌ನಲ್ಲಿ ಚುನಾವಣೆ ನಡೆಯಿತು, ಅದೇ ಸ್ವಾಪೊ ಗೆದ್ದಿತು, 1990ರ ಮಾರ್ಚ್ 21ಕ್ಕೆ ದೇಶ ಸ್ವತಂತ್ರವಾಯಿತು. ನಮೀಬಿಯಾ ಅಹ್ತಿಸಾರಿಗೆ ಗೌರವ ಪೌರತ್ವ ಕೊಟ್ಟಿತು.

ಒಟ್ಟಿನಲ್ಲಿ ಸಮಿತಿ ಕೊಡುವುದು ಜಗಳ ನಿಲ್ಲಿಸಿದ್ದಕ್ಕೆ. ಕೇಳುವ ಜನರಲ್ಲಿ ಬಹಳಷ್ಟು ಮಂದಿ ಅದನ್ನು ಸಜ್ಜನಿಕೆಗೆ ಅಥವಾ ನ್ಯಾಯಕ್ಕೆ ಕೊಟ್ಟದ್ದು ಎಂದು ತಿಳಿಯುತ್ತಾರೆ. ಅರ್ಧ ಗಲಾಟೆ ಈ ಗೊಂದಲದ್ದು. ಮದರ್ ತೆರೇಸಾಗೂ (1979) ಇದೇ ಬಹುಮಾನ, ಬಾಂಬ್ ಹಾಕಿಸಿದವರಿಗೂ ಇದೇ ಬಹುಮಾನ ಅಂದರೆ ಗೊಂದಲ ಆಗದೆ ಇರುತ್ತದೆಯೇ?

ಬಾಂಬ್ ಅಂದಾಗ 1973ಕ್ಕೆ ಹೋಗಲೇಬೇಕು. ವಿಯೆಟ್ನಾಂ ಹೆಸರು ನಮ್ಮ ಬೆಳೆಗಾರರಿಗೆ ಬಾಯಿಪಾಠ, ಅದು ರೋಬಸ್ಟಾ ರೇಟಿನ ಕಾರಣಕ್ಕೆ. ಯುದ್ಧ ಮುಗಿದು, 1986ರ ಆರ್ಥಿಕ ಸುಧಾರಣೆಯ ನಂತರ ಆ ದೇಶ ಕಾಫಿ ನೆಟ್ಟ ವೇಗಕ್ಕೆ 2000ದ ಆಸುಪಾಸಿನಲ್ಲಿ ಜಗತ್ತಿನ ಬೆಲೆಯೇ ಕುಸಿದು, ಮೂಡಿಗೆರೆ, ಸಕಲೇಶಪುರದ ತೋಟಗಳೂ ತತ್ತರಿಸಿದವು. ಆ ಯುದ್ಧ ನಿಲ್ಲಿಸುವ ಪ್ಯಾರಿಸ್ ಒಪ್ಪಂದಕ್ಕೆ 1973ರ ಜನವರಿ 27ರಂದು ಸಹಿ ಬಿತ್ತು. ಅದಕ್ಕಾಗಿ ಅಮೆರಿಕದ ಹೆನ್ರಿ ಕಿಸಿಂಜರ್ ಮತ್ತು ಉತ್ತರ ವಿಯೆಟ್ನಾಮಿನ ಲೆ ಡುಕ್ ಥೋ ಇಬ್ಬರಿಗೂ ನೊಬೆಲ್ ಘೋಷಿಸಲಾಯಿತು. ಹಿಂದಿನ ಡಿಸೆಂಬರ್‌ನಲ್ಲಷ್ಟೇ ಅಮೆರಿಕ ಉತ್ತರ ವಿಯೆಟ್ನಾಮಿನ ರಾಜಧಾನಿ ಹನೋಯ್ ಮೇಲೆ ಭಾರಿ ಬಾಂಬ್ ದಾಳಿ ನಡೆಸಿತ್ತು. ಥೋ ಬಹುಮಾನ ಬೇಡ ಎಂದರು, ಇನ್ನೂ ಶಾಂತಿ ಬಂದಿಲ್ಲ ಎಂಬ ಕಾರಣ ಕೊಟ್ಟು. ಶಾಂತಿ ನೊಬೆಲನ್ನು ಸ್ವಂತ ಇಚ್ಛೆಯಿಂದ ನಿರಾಕರಿಸಿದವರು ಅವರೊಬ್ಬರೇ. ಸಮಿತಿಯ ಇಬ್ಬರು ಸದಸ್ಯರು ರಾಜೀನಾಮೆ ಕೊಟ್ಟರು. ನ್ಯೂಯಾರ್ಕ್ ಟೈಮ್ಸ್ ಸಂಪಾದಕೀಯ ಇದನ್ನು ಯುದ್ಧದ ನೊಬೆಲ್ ಎಂದು ಹಂಗಿಸಿತು. ಕಿಸಿಂಜರ್ ಸಮಾರಂಭಕ್ಕೆ ಹೋಗಲೇ ಇಲ್ಲ. 1975ರಲ್ಲಿ ದಕ್ಷಿಣ ವಿಯೆಟ್ನಾಮಿನ ರಾಜಧಾನಿ ಸೈಗಾನ್ ಉತ್ತರದವರ ಕೈಗೆ ಬಿದ್ದ ಮೇಲೆ ಪದಕ ವಾಪಸ್ ಕೊಡಲು ಹೊರಟರು, ಸಮಿತಿ ತೆಗೆದುಕೊಳ್ಳಲಿಲ್ಲ. ಕೊಟ್ಟ ಬಹುಮಾನ ಹಿಂದಕ್ಕೆ ಪಡೆಯಲು ನಿಯಮದಲ್ಲಿ ಅವಕಾಶವಿಲ್ಲ.

ನಮ್ಮಲ್ಲಿ ಕಿಸಿಂಜರ್ ಎಂದರೆ ಹಿರಿಯರಿಗೆ ನೆನಪಾಗುವುದು 1971, ಬಾಂಗ್ಲಾ ಯುದ್ಧ, ಬಂಗಾಳ ಕೊಲ್ಲಿಗೆ ಬಂದ ಅಮೆರಿಕದ ಏಳನೇ ನೌಕಾಪಡೆ. ಆ ಬಹುಮಾನ ಇಲ್ಲಿಯವರ ಗಂಟಲಲ್ಲಿ ಇಳಿಯದ್ದಕ್ಕೆ ವಿಯೆಟ್ನಾಂ ಒಂದೇ ಕಾರಣವಲ್ಲ.

ಇನ್ನೊಂದು ಜಗಳ, ಬಹುಮಾನ ಯಾರಿಗೆ ಸಲ್ಲಬೇಕು ಎಂಬುದು. ಕಾದಾಡಿ ಕೈ ಕುಲುಕಿದವರಿಗೋ, ಕೈ ಕುಲುಕಿಸಿದವರಿಗೋ? ಸಮಿತಿಗೆ ಇದರಲ್ಲಿ ಒಂದು ನಿಲುವೇ ಇಲ್ಲ. 1978ರಲ್ಲಿ ಈಜಿಪ್ಟಿನ ಸಾದಾತ್, ಇಸ್ರೇಲಿನ ಬೇಗಿನ್ ಇಬ್ಬರಿಗೂ ಬಂತು. ಅವರನ್ನು ಕ್ಯಾಂಪ್ ಡೇವಿಡ್‌ನಲ್ಲಿ ಕೂರಿಸಿ ಒಪ್ಪಿಸಿದ ಅಂದಿನ ಅಮೆರಿಕ ಅಧ್ಯಕ್ಷ ಜಿಮ್ಮಿ ಕಾರ್ಟರ್ 2002ರವರೆಗೆ ಕಾಯಬೇಕಾಯಿತು. 2008ರಲ್ಲಿ ಉಲ್ಟಾ. ಮಧ್ಯಸ್ಥರಿಗೆ ಬಂತು, ಆಚೆ ಒಪ್ಪಂದಕ್ಕೆ ರಾಜಕೀಯ ಅಪಾಯ ಮೈಮೇಲೆ ಹಾಕಿಕೊಂಡ ಇಂಡೊನೇಷ್ಯಾದ ನಾಯಕರಿಗೂ ಬರಲಿಲ್ಲ, ಬಂದೂಕು ಕೆಳಗಿಟ್ಟವರಿಗೂ ಇಲ್ಲ. 1950ರಲ್ಲಿ ರಾಲ್ಫ್ ಬಂಚ್ ಈ ಮುಜುಗರ ತಾವೇ ಅನುಭವಿಸಿದರು. ಇಸ್ರೇಲ್ ಮತ್ತು ಅರಬ್ ದೇಶಗಳ ನಡುವೆ 1949ರಲ್ಲಿ ಯುದ್ಧ ನಿಲ್ಲಿಸುವ ಒಪ್ಪಂದ ಮಾಡಿಸಿದ ವಿಶ್ವಸಂಸ್ಥೆ ಅಧಿಕಾರಿ ಅವರು. ಅವರಿಗಿಂತ ಮೊದಲು ಆ ಕೆಲಸಕ್ಕೆ ಹೋದ ಬರ್ನಡೋಟ್ ಅವರನ್ನು ಜೆರುಸಲೇಮಿನಲ್ಲಿ ಕೊಂದಿದ್ದರು. ಸಂಬಳಕ್ಕೆ ಮಾಡಿದ ಕೆಲಸಕ್ಕೆ ಬಹುಮಾನ ಬೇಡ ಎಂದೇ ಬಂಚ್ ಮೊದಲು ಹೊರಟರು, ಮೇಲಧಿಕಾರಿ ಹೇಳಿದ ಮೇಲೆ ಒಪ್ಪಿದರು. ನೊಬೆಲ್ ಪಡೆದ ಮೊದಲ ಕಪ್ಪು ಜನಾಂಗದ ವ್ಯಕ್ತಿ ಅವರು. ಅಮೆರಿಕದ ಕಪ್ಪು ಜನರಿಗೆ ಆ ಬಹುಮಾನದಲ್ಲಿ ಕಂಡದ್ದು ಅರಬ್-ಇಸ್ರೇಲ್ ವಿಚಾರವೇ ಅಲ್ಲ, ತಮ್ಮ ಮನೆಯ ವಿಚಾರ.

ಬಹುಮಾನ ಒಂದಕ್ಕೆ, ವಾದ ಇನ್ನೊಂದಕ್ಕೆ ಎಂಬುದು ಹಾಸನದವರಿಗೆ ಹೊಸದಲ್ಲ. 2025ರ ಮೇ ತಿಂಗಳಲ್ಲಿ ಊರಿನ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂತು, ಕಥೆಗಳಿಗೆ. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ ವಾದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಅಲ್ಲಿ ಕಥೆಗಳ ಮಾತೇ ಇರಲಿಲ್ಲ.

ಹಾಸನ ಜಿಲ್ಲೆಯವರೇ ಮಾಡಿದ ಒಂದು ಸಂಧಾನವನ್ನೂ ಇಲ್ಲಿ ನೆನೆಯಬಹುದು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 12ರಂದು, ಬಾಂಗ್ಲಾದೇಶದ ಶೇಖ್ ಹಸೀನಾ ಜೊತೆ ಗಂಗಾ ನೀರು ಹಂಚಿಕೆ ಒಪ್ಪಂದಕ್ಕೆ ಸಹಿ ಹಾಕಿದರು. ಫರಕ್ಕಾ ಬ್ಯಾರೇಜಿನಲ್ಲಿ ಬೇಸಿಗೆಯ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು, ಹೆಚ್ಚಿದ್ದರೆ ಬೇರೆ ಲೆಕ್ಕ. ಅವಧಿ 30 ವರ್ಷ. ಬಾಂಗ್ಲಾದ ವಿರೋಧ ಪಕ್ಷ ದೇಶ ಮಾರಿದರು ಎನ್ನುವ ಧಾಟಿಯಲ್ಲಿ ಕೂಗಾಡಿತು, ಪಶ್ಚಿಮ ಬಂಗಾಳದಲ್ಲಿ ಕಲ್ಕತ್ತಾ ಬಂದರಿನ ನೀರು ಹೋಯಿತು ಎಂಬ ಆತಂಕ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು ಇಟ್ಟುಕೊಂಡಿರುವ ನಮ್ಮ ಜಿಲ್ಲೆಯಲ್ಲಿ ಗೌಡರ ಹೆಸರು ಹೇಳಿದರೆ ಕಾವೇರಿ ನೀರು ಬಿಡಬಾರದೆಂದು ಹಟ ಹಿಡಿದ ನೆನಪು ಮೊದಲು ಬರುತ್ತದೆ, ಗಂಗೆಯನ್ನು ಹಂಚಿಕೊಂಡದ್ದು ಅಷ್ಟಾಗಿ ಬರುವುದಿಲ್ಲ. ನೀರು ಹಂಚಿದವರನ್ನು ಹೊಗಳುವುದು ಯಾವಾಗಲೂ ನದಿಯಿಂದ ದೂರ ಇರುವವರಿಗೆ ಸುಲಭ.

ಕೊನೆಯದಾಗಿ, ಆಯ್ಕೆ ಹೇಗೆ ನಡೆಯುತ್ತದೆ ಎಂಬುದು ಗೊತ್ತಿದ್ದರೆ ಬೈಯುವುದಾದರೂ ಸರಿಯಾದ ಕಡೆ ಬೈಯಬಹುದು. ಶಾಂತಿ ಬಹುಮಾನ ಕೊಡುವವರು ಸ್ವೀಡನ್ನಿನವರಲ್ಲ, ನಾರ್ವೆಯವರು. ಆ ದೇಶದ ಸಂಸತ್ತು ನೇಮಿಸುವ ಐದು ಜನರ ಸಮಿತಿ. ಜನವರಿ 31ರೊಳಗೆ ಹೆಸರು ಕಳಿಸಬೇಕು. ಕಳಿಸುವ ಹಕ್ಕು ಯಾವುದೇ ದೇಶದ ಸಂಸದರಿಗೆ, ಸರ್ಕಾರಗಳಿಗೆ, ಇತಿಹಾಸ, ಕಾನೂನು, ಸಮಾಜ ವಿಜ್ಞಾನದಂಥ ವಿಷಯಗಳ ಪ್ರೊಫೆಸರ್‌ಗಳಿಗೆ, ಹಿಂದೆ ಬಹುಮಾನ ಪಡೆದವರಿಗೆ ಇದೆ. ಅಂದರೆ ಹಾಸನದ ಎಂಪಿ ಕೂಡ ಒಂದು ಪತ್ರ ಬರೆಯಬಹುದು. ಹಾಗಾಗಿ "ಇವರು ನೊಬೆಲ್‌ಗೆ ನಾಮನಿರ್ದೇಶನಗೊಂಡಿದ್ದಾರೆ" ಎಂಬ ಸುದ್ದಿ ಬಂದರೆ ಜಾಸ್ತಿ ಹಿಗ್ಗಬೇಡಿ, ಜಾಸ್ತಿ ಉರಿದುಕೊಳ್ಳಲೂಬೇಡಿ. 1939ರಲ್ಲಿ ಸ್ವೀಡನ್ನಿನ ಸಂಸದರೊಬ್ಬರು ವ್ಯಂಗ್ಯಕ್ಕೆಂದು ಹಿಟ್ಲರನ ಹೆಸರನ್ನೇ ಕಳಿಸಿದ್ದರು.

ನೊಬೆಲ್ ತಮ್ಮ 1895ರ ಉಯಿಲಿನಲ್ಲಿ ಬರೆದದ್ದು ದೇಶಗಳ ಸೋದರತ್ವ, ಸೇನೆಗಳ ಕಡಿತ, ಶಾಂತಿ ಸಭೆಗಳು ಎಂಬ ಮೂರು ವಿಚಾರ. ಸಮಿತಿ ಅದನ್ನು ತನಗೆ ತೋಚಿದ ಹಾಗೆ ಹಿಗ್ಗಿಸಿಕೊಂಡಿದೆ, ಬೈಯುವುದಾದರೆ ಇದಕ್ಕೆ ಬೈಯಬಹುದು. ಚರ್ಚೆಯ ವಿವರ, ಸೋತವರ ಹೆಸರು, ಎಲ್ಲವೂ 50 ವರ್ಷ ಗುಟ್ಟು. ಕಿಸಿಂಜರ್ ಕಡತ 2023ರ ಆರಂಭದಲ್ಲಿ ತೆರೆಯಿತು. ಅವರ ಮತ್ತು ಥೋ ಹೆಸರನ್ನು ಒಪ್ಪಂದವಾದ ಎರಡೇ ದಿನಕ್ಕೆ ಸೂಚಿಸಿದವರು ಸಮಿತಿಯದೇ ಒಬ್ಬ ಸದಸ್ಯರು, ಆ ಒಪ್ಪಂದ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ ಅವರಿಗೆ ಆಗಲೇ ಇತ್ತು ಎಂಬುದು ಅದರಿಂದ ಗೊತ್ತಾಯಿತು. ಅಂದರೆ 1973ರಲ್ಲಿ ಬೀದಿಯಲ್ಲಿ ಬೈದ ಜನಕ್ಕೆ ಇದ್ದ ಅನುಮಾನವೇ ಒಳಗೆ ಕೂತವರಿಗೂ ಇತ್ತು. ಕೊಸೊವೊ ಕೇಸು ಕೋರ್ಟಿಗೆ ಹೋಗುತ್ತಿದ್ದಾಗಲೇ ಅಹ್ತಿಸಾರಿಯನ್ನು ಆರಿಸಿದ ಆ ಐವರು ಸರ್ಬಿಯಾದವರ ಸಿಟ್ಟನ್ನು ಎಷ್ಟು ಲೆಕ್ಕಕ್ಕೆ ತೆಗೆದುಕೊಂಡಿದ್ದರು ಎಂಬುದಕ್ಕೆ 2008ರ ಕಡತ ನೋಡಬೇಕು. ಅದು ತೆರೆಯುವುದು 2058ರಲ್ಲಿ.